ಟ್ರೇಲರ್ ಸಂಸಾರ: ಅಮೆರಿಕದ ರಸ್ತೆಗಿಳಿಯುವ ನಿವೃತ್ತ ದಂಪತಿಗೆ ಹೆಜ್ಜೆ ಹೆಜ್ಜೆಯ ಮಾರ್ಗದರ್ಶಿ

ಕೆಲಸ ಬಿಟ್ಟ ಮೇಲೆ ಟ್ರೇಲರ್ ಕೊಂಡು ಅಮೆರಿಕ ಸುತ್ತಲು ಹೊರಡುವ ಕನ್ನಡದ ದಂಪತಿಗಳನ್ನು ಈಚೆಗೆ ನನ್ನ ಬಳಗದಲ್ಲೇ ಸಾಕಷ್ಟು ನೋಡುತ್ತಿದ್ದೇನೆ. ಆರು ತಿಂಗಳಿಗೆಂದು ಹೊರಟವರು ಮೂರನೇ ವಾರಕ್ಕೆ ವಾಪಸ್ ಬಂದದ್ದನ್ನೂ ನೋಡಿದ್ದೇನೆ. ಫೋನ್ ಮಾಡಿದರೆ ಎಲ್ಲರದೂ ಹೆಚ್ಚುಕಮ್ಮಿ ಒಂದೇ ಕಥೆ. ಹೆದ್ದಾರಿಯಲ್ಲಿ ಗಾಡಿ ಹೊಯ್ದಾಡಿತು, ವಾಟರ್ ಹೀಟರ್ ಸುಟ್ಟಿತು, ಕಕ್ಕಸಿನ ಟ್ಯಾಂಕ್ ಕಟ್ಟಿಕೊಂಡಿತು, ರಿವರ್ಸ್ ತೆಗೆಯುವಾಗ ಇಬ್ಬರಿಗೂ ಜಗಳವಾಯಿತು. ಅವರೆಲ್ಲ ಬುದ್ಧಿವಂತರೇ, ವೀಡಿಯೊಗಳನ್ನೂ ನೋಡಿದ್ದರು. ಆದರೆ ಯಾವುದು ಮೊದಲು, ಯಾವುದು ಆಮೇಲೆ ಎನ್ನುವ ಕ್ರಮ ಕೈಗೆ ಹತ್ತಿರಲಿಲ್ಲ. ಹತ್ತಿದ್ದರೂ ಇಬ್ಬರಲ್ಲಿ ಒಬ್ಬರಿಗೆ ಮಾತ್ರ.

ನಾನೂ ನಮ್ಮವರೂ 26 ಅಡಿಯ ಟ್ರೇಲರಿನಲ್ಲಿ ನಾಲ್ಕನೇ ವರ್ಷ ತಿರುಗುತ್ತಿದ್ದೇವೆ. ಟ್ರಕ್ಕಿನ ಹಿಂದೆ ಗುಂಡು ಕೊಂಡಿಯಂತಿರುವ ಬಾಲ್ ಹಿಚ್‌ಗೆ ಸಿಕ್ಕಿಸಿ ಎಳೆಯುವ ಟ್ರೇಲರಿಗೆ ಮಾತ್ರ ಈ ಬರಹ ಹೊಂದುತ್ತದೆ. ಟ್ರಕ್ಕಿನ ತೊಟ್ಟಿಯೊಳಗೆ ಕೂರುವ ಫಿಫ್ತ್ ವೀಲ್‌ಗೆ ಲೆಕ್ಕವೂ ಬೇರೆ, ಹಿಚ್ಚೂ ಬೇರೆ.

1. ಮೊದಲು ತೂಕ, ಆಮೇಲೆ ಟ್ರೇಲರ್

ಮಾರುವವರು ಮೊದಲು ತೋರಿಸುವುದು ಟ್ರಕ್ಕಿನ ಎಳೆಯುವ ಶಕ್ತಿಯನ್ನು. "9,000 ಪೌಂಡ್ ಎಳೆಯುತ್ತೆ, ಯೋಚನೆ ಬೇಡ" ಎಂದು ನಮಗೂ ಹೇಳಿದ್ದರು. ಆ ಅಂಕಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಡ್ರೈವರ್ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ಕೂತವರ ಮತ್ತು ಸಾಮಾನಿನ ಒಟ್ಟು ತೂಕ ಇಷ್ಟು ಪೌಂಡ್ ಮೀರಕೂಡದು ಎಂದು ಅದರಲ್ಲಿ ಬರೆದಿರುತ್ತದೆ. ಅದೇ ಪೇಲೋಡ್. ಎಳೆಯುವ ಶಕ್ತಿ ಇನ್ನೂ ಧಾರಾಳವಾಗಿ ಉಳಿದಿರುವಾಗಲೇ ಬಹಳ ಜನರ ಪೇಲೋಡ್ ಮುಗಿದುಹೋಗಿರುತ್ತದೆ.

ಲೆಕ್ಕ ಹೀಗೆ. ಟ್ರೇಲರಿನ ಮೂತಿ ಹಿಚ್ ಮೇಲೆ ಕೂತಾಗ ಬೀಳುವ ಭಾರಕ್ಕೆ ಟಂಗ್ ವೇಟ್ ಎನ್ನುತ್ತಾರೆ. ಅದು ಸಾಮಾನು ತುಂಬಿದ ಟ್ರೇಲರಿನ ತೂಕದಲ್ಲಿ ಶೇ. 10ರಿಂದ 15ರಷ್ಟು ಇರಬೇಕು. ತುಂಬಿದ ಟ್ರೇಲರ್ 7,000 ಪೌಂಡ್ ಎಂದುಕೊಳ್ಳಿ. ಶೇ. 13 ಹಿಡಿದರೆ 910 ಪೌಂಡ್. ಹಿಚ್ಚಿನ ಕಬ್ಬಿಣ 80. ಇಬ್ಬರ ತೂಕ 330. ಒಟ್ಟು 1,320. ಟ್ರಕ್ಕಿನ ಚೀಟಿಯಲ್ಲಿ 1,600 ಎಂದಿದ್ದರೆ ಟೂಲ್‌ಬಾಕ್ಸ್, ಜನರೇಟರ್, ಕುರ್ಚಿ ಎಲ್ಲಕ್ಕೂ ಸೇರಿ ಉಳಿಯುವುದು 280 ಪೌಂಡ್ ಮಾತ್ರ. ಟ್ರೇಲರಿನ ಮೇಲೆ ಬರೆದಿರುವ ಡ್ರೈ ವೇಟನ್ನು ಹಿಡಿದು ಲೆಕ್ಕ ಹಾಕಬೇಡಿ. ಅದು ನೀರು, ಬಟ್ಟೆ, ಪಾತ್ರೆ ಯಾವುದೂ ಇಲ್ಲದ ತೂಕ. ಟ್ರೇಲರ್ ಗರಿಷ್ಠ ಎಷ್ಟು ತೂಗಬಹುದು ಎಂಬ ಜಿವಿಡಬ್ಲ್ಯುಆರ್ ಅಂಕಿಯನ್ನು ಹಿಡಿಯಿರಿ. ಆಗ ಪೇಲೋಡ್ ಸಾಲದಿದ್ದರೆ ಚಿಕ್ಕ ಟ್ರೇಲರ್ ನೋಡಿ. ಈ ಒಂದು ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಕೊಂಡು, ಸಾಮಾನು ತುಂಬಿದ ಮೇಲೆ ನಿಜವಾದ ತೂಕ ನೋಡಬೇಕು. ಹೆದ್ದಾರಿ ಪಕ್ಕದ ದೊಡ್ಡ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ತೂಕದ ಕಟ್ಟೆ ಇರುತ್ತದೆ. ಟ್ರಕ್ಕಿನ ಮುಂದಿನ ಚಕ್ರ ಒಂದು ಹಲಗೆಯ ಮೇಲೆ, ಹಿಂದಿನ ಚಕ್ರ ಎರಡನೆಯದರ ಮೇಲೆ, ಟ್ರೇಲರ್ ಚಕ್ರ ಮೂರನೆಯದರ ಮೇಲೆ ನಿಲ್ಲಬೇಕು. ಮೂರು ಸಲ ತೂಗಿಸಿ. ಮೊದಲನೆಯದು ಮೂತಿಯ ಭಾರವನ್ನು ಎಲ್ಲ ಚಕ್ರಗಳಿಗೂ ಹಂಚುವ ಹಿಚ್ಚಿನ ಸರಳುಗಳನ್ನು ಬಿಗಿದು, ಎರಡನೆಯದು ಸರಳು ಬಿಚ್ಚಿ, ಮೂರನೆಯದು ಟ್ರೇಲರನ್ನು ಪಕ್ಕಕ್ಕೆ ನಿಲ್ಲಿಸಿ ಬರೀ ಟ್ರಕ್. ಎರಡನೇ ಸಲದ ಟ್ರಕ್ ತೂಕದಲ್ಲಿ ಮೂರನೇ ಸಲದ್ದನ್ನು ಕಳೆದರೆ ನಿಮ್ಮ ಟಂಗ್ ವೇಟ್ ಸಿಗುತ್ತದೆ. ಅದೇ ದಿನ ಅದೇ ಕಟ್ಟೆಯಲ್ಲಿ ಮತ್ತೆ ತೂಗಿಸಿದರೆ ಶುಲ್ಕ ಕಡಿಮೆ.

ತುಂಬುವಾಗ ಭಾರದ ವಸ್ತುಗಳು ಟ್ರೇಲರಿನ ಚಕ್ರಗಳ ಮೇಲೆ ಅಥವಾ ಸ್ವಲ್ಪ ಮುಂದೆ ಇರಲಿ. ಅಕ್ಕಿ ಮೂಟೆ, ಬೇಳೆ ಡಬ್ಬ, ಗ್ರೈಂಡರ್ ಎಲ್ಲವನ್ನೂ ಹಿಂದಿನ ಬೀರುವಿಗೆ ತುಂಬಿ, ಬಂಪರಿಗೆ ಎರಡು ಸೈಕಲ್ ಕಟ್ಟಿದರೆ ಮೂತಿ ಹಗುರಾಗುತ್ತದೆ. ಮೂತಿ ಹಗುರಾದ ಟ್ರೇಲರ್ ಹೊಯ್ದಾಡುತ್ತದೆ. ನೀರಿನ ಭಾರವನ್ನೂ ಮರೆಯಬಾರದು. ಒಂದು ಗ್ಯಾಲನ್ ನೀರು 8.34 ಪೌಂಡ್, 40 ಗ್ಯಾಲನ್ ಟ್ಯಾಂಕ್ ತುಂಬಿದರೆ 330 ಪೌಂಡಿಗೂ ಹೆಚ್ಚು. ನಲ್ಲಿ ಇರುವ ಜಾಗಕ್ಕೆ ಹೋಗುವುದಾದರೆ ದಾರಿಗೆ ಬೇಕಾದಷ್ಟು, ಕಾಲು ಟ್ಯಾಂಕ್ ಸಾಕು.

2. ಬೇಕಾದ ಸಲಕರಣೆ

ಅಂಗಡಿಗೆ ಹೋದರೆ ನೂರು ಸಾಮಾನು ಕಣ್ಣಿಗೆ ಬೀಳುತ್ತವೆ. ಮೊದಲ ದಿನವೇ ಬೇಕಾದವು ಇಷ್ಟು: ಭಾರ ಹಂಚುವ ಹಿಚ್, ಟ್ರಕ್ಕಿನೊಳಗಿಂದಲೇ ಟ್ರೇಲರಿನ ಬ್ರೇಕ್ ಹಿಡಿಸುವ ಬ್ರೇಕ್ ಕಂಟ್ರೋಲರ್, ಚಕ್ರಕ್ಕೆ ಅಡ್ಡ ಕೊಡುವ ನಾಲ್ಕು ಚಾಕ್, ಚಕ್ರದಡಿ ಇಡುವ ಪ್ಲಾಸ್ಟಿಕ್ ಹಲಗೆಗಳು, ಒಂದು ರಸಮಟ್ಟ, ಟೈರಿನ ಗಾಳಿ ನೋಡುವ ಗೇಜ್, ಚಕ್ರದ ನಟ್ ಸರಿಯಾದಷ್ಟೇ ಬಿಗಿಯುವ ಟಾರ್ಕ್ ವ್ರೆಂಚ್, ನೀರಿನ ಒತ್ತಡ ತಗ್ಗಿಸುವ ರೆಗ್ಯುಲೇಟರ್, ಕುಡಿಯುವ ನೀರಿಗೇ ಮೀಸಲಾದ ಬಿಳಿ ಪೈಪ್, ಕೊಳಚೆಗೆ ದಪ್ಪ ಪೈಪ್, ಅದನ್ನು ತೊಳೆಯಲು ಬೇರೆ ಬಣ್ಣದ ಇನ್ನೊಂದು ಪೈಪ್, ಒಂದು ಡಬ್ಬ ಗ್ಲೌಸ್.

ಒಂದು ದುಬಾರಿ ವಸ್ತುವಿಗೆ ಮಾತ್ರ ಕೈ ಬಿಗಿ ಹಿಡಿಯಬೇಡಿ. ಅದು ಟ್ರೇಲರ್ ನಿಲ್ಲಿಸಿ ತಂಗುವ ಕ್ಯಾಂಪಿನ ವಿದ್ಯುತ್ ಕಂಬಕ್ಕೂ ಟ್ರೇಲರಿಗೂ ನಡುವೆ ಹಾಕುವ ಇಎಂಎಸ್. ವೋಲ್ಟೇಜ್ ತೀರಾ ಇಳಿದರೆ ಅಥವಾ ಏರಿದರೆ, ಅರ್ಥ್ ಇಲ್ಲದಿದ್ದರೆ, ತಂತಿ ಅದಲುಬದಲಾಗಿದ್ದರೆ ಅದು ಕರೆಂಟನ್ನೇ ಒಳಗೆ ಬಿಡುವುದಿಲ್ಲ. ಬೇಸಿಗೆಯ ಮಧ್ಯಾಹ್ನ ಕ್ಯಾಂಪಿನಲ್ಲಿ ಎಲ್ಲರೂ ಎಸಿ ಹಾಕಿದಾಗ ವೋಲ್ಟೇಜ್ ಕುಸಿಯುತ್ತದೆ. ಕಡಿಮೆ ವೋಲ್ಟೇಜಿನಲ್ಲಿ ಓಡಿದ ಎಸಿ ಕಂಪ್ರೆಸರ್ ಬೇಗ ಕೈಕೊಡುತ್ತದೆ.

3. ಇಬ್ಬರೂ ಓಡಿಸಬೇಕು, ಇಬ್ಬರೂ ಕಟ್ಟಬೇಕು

"ಡ್ರೈವಿಂಗ್ ಎಲ್ಲಾ ಅವರದು, ಅಡುಗೆ ನನ್ನದು" ಎಂದು ಹೊರಡುವ ಸ್ನೇಹಿತೆಯರಿಗೆ ಈ ಭಾಗವನ್ನು ವಿಶೇಷವಾಗಿ ಬರೆಯುತ್ತಿದ್ದೇನೆ. ಎರಡನೇ ವರ್ಷ ಯೂಟಾದ ಮೋಆಬ್ ಹತ್ತಿರ ಬಂಡೆಯ ಮೇಲೆ ಜಾರಿ ನಮ್ಮವರ ಬಲ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ಕ್ಯಾಂಪಿನಲ್ಲಿ ಇನ್ನು ಮೂರು ದಿನ ಮಾತ್ರ ನಮ್ಮ ಬುಕಿಂಗ್ ಇತ್ತು. ಹಿಚ್ ಕಟ್ಟಿ, ಟ್ಯಾಂಕ್ ಖಾಲಿ ಮಾಡಿ, ಟ್ರೇಲರ್ ಎಳೆದುಕೊಂಡು ಮಗಳ ಮನೆಗೆ ಹೋದದ್ದು ನಾನು. ಕಲಿತಿದ್ದರಿಂದ ಹೋದೆವು.

ಭಾನುವಾರ ಬೆಳಿಗ್ಗೆ ಖಾಲಿ ಬಿದ್ದಿರುವ ದೊಡ್ಡ ಪಾರ್ಕಿಂಗ್ ಜಾಗ ಹುಡುಕಿ, ಅನುಮತಿ ಕೇಳಿ, ನಾಲ್ಕು ಕೋನ್ ಇಟ್ಟು ಅಭ್ಯಾಸ ಮಾಡಿ. ಸ್ಟೀರಿಂಗ್ ಚಕ್ರದ ತಳಭಾಗವನ್ನು ಒಂದು ಕೈಯಲ್ಲಿ ಹಿಡಿಯಿರಿ. ಟ್ರೇಲರಿನ ಹಿಂಭಾಗ ಯಾವ ಕಡೆ ಹೋಗಬೇಕೋ ಆ ಕಡೆಗೇ ಕೈ ಸರಿಸಿ. ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ ನಿಧಾನ. ತಿರುವು ಜಾಸ್ತಿಯಾಯಿತು ಅನ್ನಿಸಿದ ಕೂಡಲೇ ನಿಂತು, ಮುಂದಕ್ಕೆ ಎಳೆದು, ನೆಟ್ಟಗೆ ಮಾಡಿಕೊಂಡು ಮತ್ತೆ ಬನ್ನಿ.

ಹಿಂದೆ ನಿಂತವರು ಕೈ ಬೀಸಿ ಕೂಗುವುದು ಬೇಡ. ಇಬ್ಬರೂ ಫೋನಿನಲ್ಲಿ ಮಾತಾಡಿ. ಎಡ, ಬಲ ಎನ್ನುವ ಪದಗಳನ್ನು ಪೂರ್ತಿ ಬಿಟ್ಟುಬಿಡಿ. ಯಾರ ಎಡ ಎನ್ನುವ ಗೊಂದಲದಲ್ಲೇ ಮರಕ್ಕೆ ತಾಗುತ್ತದೆ. "ಹಿಂಭಾಗ ಡ್ರೈವರ್ ಕಡೆಗೆ", "ಹಿಂಭಾಗ ಪ್ಯಾಸೆಂಜರ್ ಕಡೆಗೆ", "ನಿಲ್ಲಿಸಿ" ಎನ್ನುವ ಮೂರೇ ಮಾತು ಸಾಕು. ಕನ್ನಡಿಯಲ್ಲಿ ಸಂಗಾತಿ ಕಾಣದಿದ್ದರೆ ಆ ಕ್ಷಣವೇ ಬ್ರೇಕ್. ನೋಡಬೇಕಾದವರು ಕೆಳಗೆ ಮಾತ್ರ ನೋಡಿ ಕೊಂಬೆ ಮರೆಯುತ್ತಾರೆ. ಟ್ರೇಲರಿನ ತಲೆಯ ಮೇಲೆ ಎಸಿ ಇರುತ್ತದೆ, ಮೇಲೂ ನೋಡಿ.

ಆಮೇಲೆ ಮನೆಯಿಂದ ಒಂದು ಗಂಟೆ ದೂರದ ಕ್ಯಾಂಪಿನಲ್ಲಿ ಮೂರು ರಾತ್ರಿ ಇದ್ದು ಬನ್ನಿ. ಹೊಸ ಟ್ರೇಲರಿನಲ್ಲೂ ನಲ್ಲಿ ಸೋರುವುದು, ಬಾಗಿಲು ಕೂರದಿರುವುದು ಇದ್ದೇ ಇರುತ್ತದೆ. ಅದು ಮನೆಯ ಹತ್ತಿರ ಗೊತ್ತಾಗಲಿ.

4. ಕಾಗದಪತ್ರ, ಔಷಧಿ, ಬುಕಿಂಗ್

62 ವರ್ಷ ತುಂಬಿದ ಅಮೆರಿಕದ ಪ್ರಜೆ ಅಥವಾ ಗ್ರೀನ್ ಕಾರ್ಡ್ ಇರುವವರಿಗೆ ರಾಷ್ಟ್ರೀಯ ಉದ್ಯಾನಗಳ ಸೀನಿಯರ್ ಪಾಸ್ ಸಿಗುತ್ತದೆ. ಜೀವಮಾನಕ್ಕೆ 80 ಡಾಲರ್. ಸರ್ಕಾರಿ ಕ್ಯಾಂಪುಗಳಲ್ಲಿ ಅನೇಕ ಕಡೆ ಅದರಿಂದ ಬಾಡಿಗೆ ಅರ್ಧವಾಗುತ್ತದೆ. ಇಬ್ಬರೂ ಒಂದೊಂದು ಮಾಡಿಸಿಕೊಳ್ಳಿ.

ಹಿರಿಯರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ, ಅಂದರೆ ಮೂಲ ಮೆಡಿಕೇರ್ ಇದ್ದರೆ ದೇಶದಲ್ಲಿ ಮೆಡಿಕೇರ್ ಒಪ್ಪುವ ಯಾವ ವೈದ್ಯರ ಹತ್ತಿರವಾದರೂ ಹೋಗಬಹುದು. ಖಾಸಗಿ ಕಂಪನಿಗಳು ನಡೆಸುವ ಮೆಡಿಕೇರ್ ಅಡ್ವಾಂಟೇಜ್ ಯೋಜನೆಗಳಲ್ಲಿ ಬಹಳಷ್ಟು ನಿಮ್ಮೂರಿನ ಸುತ್ತಲಿನ ವೈದ್ಯರ ಜಾಲಕ್ಕೆ ಕಟ್ಟಿಹಾಕುತ್ತವೆ. ತುರ್ತು ಚಿಕಿತ್ಸೆ ಎಲ್ಲಾದರೂ ಸಿಗುತ್ತದೆ, ಬಿಪಿ ನೋಡಿಸಲು ಸಿಗದಿರಬಹುದು. ಹೊರಡುವ ಮೊದಲು ವಿಚಾರಿಸಿ. ಮಾತ್ರೆಗಳು 90 ದಿನದ್ದು ಜೊತೆಗಿರಲಿ, ಔಷಧಿಗಳ ಪಟ್ಟಿ ಇಬ್ಬರ ಫೋನಿನಲ್ಲೂ ಇರಲಿ. ಅಂಚೆಯನ್ನು ಹಾಗೇ ತಡೆಹಿಡಿಯುವ ಸೌಲಭ್ಯ 30 ದಿನಕ್ಕಷ್ಟೇ. ಅದಕ್ಕಿಂತ ಹೆಚ್ಚು ದಿನ ಹೋಗುವುದಾದರೆ ಮಕ್ಕಳ ವಿಳಾಸಕ್ಕೆ ತಾತ್ಕಾಲಿಕವಾಗಿ ಬದಲಾಯಿಸಿ.

ರಾಷ್ಟ್ರೀಯ ಉದ್ಯಾನಗಳ ಕ್ಯಾಂಪುಗಳಲ್ಲಿ ಬಹಳಷ್ಟಕ್ಕೆ ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ ಆರು ತಿಂಗಳ ಮುಂಚೆ ಬುಕಿಂಗ್ ತೆರೆಯುತ್ತದೆ, ಬೇಸಿಗೆಯ ಜಾಗಗಳು ಕೆಲವೇ ನಿಮಿಷಗಳಲ್ಲಿ ಮುಗಿಯುತ್ತವೆ. ಜಾಗ ಹಿಡಿಯುವಾಗ ಎಷ್ಟು ಅಡಿ ಗಾಡಿಗೆ ಎಂದು ನೋಡಿ. ರಸ್ತೆಯನ್ನೂ ನೋಡಿ. ಮೊಂಟಾನಾದ ಗ್ಲೇಸಿಯರ್ ಉದ್ಯಾನದ ಗೋಯಿಂಗ್ ಟು ದ ಸನ್ ರಸ್ತೆಯ ಪರ್ವತದ ಭಾಗಕ್ಕೆ 21 ಅಡಿಗಿಂತ ಉದ್ದದ ಗಾಡಿ ಬಿಡುವುದಿಲ್ಲ. ಟ್ರೇಲರ್ ಕ್ಯಾಂಪಿನಲ್ಲೇ ಬಿಟ್ಟು ಟ್ರಕ್ಕಿನಲ್ಲಿ ಹೋಗಬೇಕು. ನ್ಯೂಯಾರ್ಕಿನ ಬಹಳಷ್ಟು ಪಾರ್ಕ್‌ವೇ ರಸ್ತೆಗಳಲ್ಲಿ ಟ್ರೇಲರಿಗೆ ಪ್ರವೇಶವೇ ಇಲ್ಲ, ಅಲ್ಲಿನ ಸೇತುವೆಗಳು ತಗ್ಗು. ಸಾಧಾರಣ ಫೋನ್ ಮ್ಯಾಪಿಗೆ ನೀವು ಟ್ರೇಲರ್ ಎಳೆಯುತ್ತಿದ್ದೀರಿ ಎಂಬುದು ಗೊತ್ತಿರುವುದಿಲ್ಲ. ನಿಮ್ಮ ಗಾಡಿಯ ಎತ್ತರವನ್ನು ಟೇಪಿನಲ್ಲಿ ಅಳೆದು ಸ್ಟೀರಿಂಗ್ ಹತ್ತಿರ ಬರೆದು ಅಂಟಿಸಿ.

5. ಹಿಚ್ ಕಟ್ಟುವ ಕ್ರಮ

ಇಲ್ಲಿ ಒಂದು ನಿಯಮ. ಕಟ್ಟುವವರ ಜೊತೆ ಯಾರೂ ಮಾತಾಡಬಾರದು. ಪಕ್ಕದ ಸೈಟಿನವರು ಒಳ್ಳೆಯವರು, ಬಂದು ಹರಟುತ್ತಾರೆ. "ಹತ್ತು ನಿಮಿಷ ಕೊಡಿ" ಎಂದು ಹೇಳಿ. ಮಧ್ಯದಲ್ಲಿ ಫೋನ್ ಬಂದರೆ ಮತ್ತೆ ಮೊದಲಿನಿಂದ ಶುರು ಮಾಡಿ.

(1) ಟ್ರೇಲರ್ ಚಕ್ರಗಳಿಗೆ ಎರಡೂ ಬದಿ ಚಾಕ್ ಇದೆಯೇ ನೋಡಿ. ಬೇರೆ ಏನನ್ನು ಮುಟ್ಟುವುದಕ್ಕೂ ಮೊದಲು ಇದು.

(2) ಜ್ಯಾಕಿನಿಂದ ಮೂತಿ ಎತ್ತಿ, ಟ್ರಕ್ ಹಿಂದಕ್ಕೆ ತಂದು ಬಾಲ್ ನೇರ ಕಪ್ಲರಿನ (ಮೂತಿಯ ತುದಿಯಲ್ಲಿ ಬಾಲಿನ ಮೇಲೆ ಕೂರುವ ಬಟ್ಟಲಿನ) ಕೆಳಗೆ ನಿಲ್ಲಿಸಿ. ಪಾರ್ಕಿಂಗ್ ಬ್ರೇಕ್ ಹಾಕಿ.

(3) ಬಾಲಿನ ಅಳತೆ ಓದಿ. 2 ಇಂಚು ಮತ್ತು 2 5/16 ಇಂಚು ಎರಡೂ ಕಣ್ಣಿಗೆ ಒಂದೇ ಥರ. ದೊಡ್ಡ ಕಪ್ಲರನ್ನು ಚಿಕ್ಕ ಬಾಲಿನ ಮೇಲೆ ಕೂರಿಸಿದರೂ ಲಾಚ್ ಹಾಕಿಕೊಳ್ಳುತ್ತದೆ, ಮೊದಲ ಗುಂಡಿಯಲ್ಲಿ ಹಾರಿ ಕಳಚುತ್ತದೆ. ಅಳತೆ ಬಾಲಿನ ನೆತ್ತಿಯ ಮೇಲೆ ಕೊರೆದಿರುತ್ತದೆ, ಗ್ರೀಸ್ ಒರೆಸಿದರೆ ಕಾಣುತ್ತದೆ.

(4) ಕಪ್ಲರ್ ಇಳಿಸಿ, ಲಾಚ್ ಮುಚ್ಚಿ, ಪಿನ್ ಹಾಕಿ. ಆಮೇಲೆ ಜ್ಯಾಕಿನಿಂದ ಮೂತಿಯನ್ನು ಮತ್ತೆ ಎರಡು ಇಂಚು ಎತ್ತಿ. ಟ್ರಕ್ಕಿನ ಹಿಂಭಾಗವೂ ಜೊತೆಗೆ ಮೇಲೆದ್ದರೆ ಲಾಚ್ ಹಿಡಿದಿದೆ. ಟ್ರಕ್ ಹಾಗೇ ಕೂತು ಕಪ್ಲರ್ ಮಾತ್ರ ಬಿಟ್ಟು ಬಂದರೆ ಹಿಡಿದಿಲ್ಲ. ಕಣ್ಣಿಗೆ ಮುಚ್ಚಿದಂತೆ ಕಂಡ ಲಾಚ್ ಈ ಪರೀಕ್ಷೆಯಲ್ಲಿ ಸೋತದ್ದನ್ನು ನಾವೇ ಎರಡು ಸಲ ಕಂಡಿದ್ದೇವೆ.

(5) ಮೂತಿ ಎತ್ತಿದ ಸ್ಥಿತಿಯಲ್ಲೇ ಭಾರ ಹಂಚುವ ಸರಳು ಸಿಕ್ಕಿಸಿ. ಆಗ ಕೈಗೆ ಕಷ್ಟವಾಗುವುದಿಲ್ಲ.

(6) ಸರಪಳಿಗಳು ಕಪ್ಲರಿನ ಕೆಳಗೆ ಕತ್ತರಿಯ ಹಾಗೆ ಅಡ್ಡ ಹಾಯಬೇಕು. ಹಿಚ್ ಕಳಚಿದರೂ ಮೂತಿ ರಸ್ತೆಗೆ ಬೀಳದೆ ಆ ತೊಟ್ಟಿಲಲ್ಲಿ ನಿಲ್ಲುತ್ತದೆ.

(7) ಬ್ರೇಕ್‌ಅವೇ ತಂತಿಯನ್ನು ಟ್ರಕ್ಕಿಗೇ ಪ್ರತ್ಯೇಕವಾಗಿ ಸಿಕ್ಕಿಸಿ, ಸರಪಳಿಗೆ ಸುತ್ತಬೇಡಿ. ಗಾಡಿ ಬೇರ್ಪಟ್ಟರೆ ಅದು ಸೆಳೆದು ಟ್ರೇಲರಿನ ಬ್ರೇಕ್ ತಾನೇ ಹಿಡಿಯುತ್ತದೆ. ಆಮೇಲೆ ಟ್ರೇಲರಿನ ದೀಪ, ಬ್ರೇಕಿಗೆ ಕರೆಂಟ್ ಕೊಡುವ ಏಳು ಪಿನ್ನಿನ ಪ್ಲಗ್.

(8) ಜ್ಯಾಕಿನ ಕಾಲನ್ನು ಪೂರ್ತಿ ಮೇಲಕ್ಕೆ ಎಳೆದುಕೊಳ್ಳಿ. ಚಾಕ್ ತೆಗೆಯುವುದು ಎಲ್ಲಕ್ಕಿಂತ ಕೊನೆಗೆ.

(9) ಹತ್ತು ಅಡಿ ಮುಂದೆ ಹೋಗಿ ಬ್ರೇಕ್ ಕಂಟ್ರೋಲರಿನ ಸನ್ನೆಯನ್ನು (ಕೈಯಲ್ಲಿ ಒತ್ತುವ ಲಿವರ್) ಮಾತ್ರ ಒತ್ತಿ. ಟ್ರೇಲರ್ ಹಿಂದಿನಿಂದ ಜಗ್ಗಬೇಕು. ಜಗ್ಗದಿದ್ದರೆ ರಸ್ತೆಗಿಳಿಯಬೇಡಿ.

ಕಟ್ಟಿದವರು ಕೂರಲಿ. ಇನ್ನೊಬ್ಬರು ಪಟ್ಟಿ ಹಿಡಿದು ಒಂದೊಂದನ್ನೂ ಮುಟ್ಟಿ ನೋಡುತ್ತಾ ಒಂದು ಸುತ್ತು ಬರಲಿ: ಮೆಟ್ಟಿಲು, ಆಂಟೆನಾ, ಛಾವಣಿಯ ಕಿಂಡಿ, ಮೂಲೆಗಳ ಸ್ಟೆಬಿಲೈಸರ್ ಕಾಲು, ಬದಿಗೆ ಚಾಚುವ ಬಟ್ಟೆಯ ಚಪ್ಪರವಾದ ಆನಿಂಗ್, ಬ್ರೇಕ್ ದೀಪ, ಇಂಡಿಕೇಟರ್.

6. ದಾರಿಯಲ್ಲಿ

ಒಂದು ದಿನಕ್ಕೆ 300 ಮೈಲಿ ಮೀರಬೇಡಿ, ಮಧ್ಯಾಹ್ನ 3ರೊಳಗೆ ತಲುಪಿ, ಕನಿಷ್ಠ 3 ರಾತ್ರಿ ಇರಿ. ಟ್ರೇಲರ್ ಜನರ ಈ ಮೂರು-ಮೂರು-ಮೂರರ ಲೆಕ್ಕ ನಮ್ಮ ವಯಸ್ಸಿಗೆ ಬಹಳ ಸರಿಯಾದದ್ದು. ಕತ್ತಲಾದ ಮೇಲೆ ಹೊಸ ಜಾಗದಲ್ಲಿ ಟ್ರೇಲರ್ ರಿವರ್ಸ್ ತೆಗೆಯುವ ಪರಿಸ್ಥಿತಿ ತಂದುಕೊಳ್ಳಬೇಡಿ.

ವೇಗ 60 ಮೈಲಿ ಸಾಕು. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ ಕಾನೂನಿನ ಮಿತಿಯೇ 55. ಟ್ರೇಲರ್ ಟೈರುಗಳಲ್ಲಿ ಅನೇಕವು 65 ಮೈಲಿ ವೇಗಕ್ಕಷ್ಟೇ ಮಾಡಿದವು. ಅವು ಸವೆಯುವುದಕ್ಕಿಂತ ಮೊದಲೇ ವಯಸ್ಸಾಗಿ ಸಿಡಿಯುತ್ತವೆ. ಟೈರಿನ ಬದಿಯಲ್ಲಿ DOT ಎಂಬ ಅಕ್ಷರಗಳ ಮುಂದಿನ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿ. 1821 ಎಂದಿದ್ದರೆ 2021ರ 18ನೇ ವಾರ ತಯಾರಾದದ್ದು. ಐದಾರು ವರ್ಷವಾದರೆ ಗೆರೆ ಚೆನ್ನಾಗಿದ್ದರೂ ಬದಲಾಯಿಸಿ. ಚಕ್ರ ಬಿಚ್ಚಿ ಹಾಕಿಸಿದ ಮೇಲೆ 10, 25, 50 ಮೈಲಿಗೆ ನಿಂತು ನಟ್ ಬಿಗಿ ಪರೀಕ್ಷಿಸಿ.

ಟ್ರೇಲರ್ ಹೊಯ್ದಾಡಲು ಶುರುವಾದರೆ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ. ಹಾಗೆ ಮಾಡಿದರೆ ಟ್ರಕ್ ನಿಧಾನವಾಗಿ, ಹಿಂದಿನ ಟ್ರೇಲರ್ ಅದನ್ನು ಇನ್ನಷ್ಟು ತಳ್ಳುತ್ತದೆ. ಆಕ್ಸಿಲರೇಟರ್ ಮೆಲ್ಲಗೆ ಬಿಡಿ, ಸ್ಟೀರಿಂಗ್ ನೆಟ್ಟಗೆ ಹಿಡಿಯಿರಿ, ಕಂಟ್ರೋಲರಿನ ಸನ್ನೆ ಒತ್ತಿ ಟ್ರೇಲರಿನ ಬ್ರೇಕ್ ಮಾತ್ರ ಹಿಡಿಯಿರಿ. ಟ್ರೇಲರ್ ಹಿಂದಕ್ಕೆ ಜಗ್ಗಿ ನೆಟ್ಟಗಾಗುತ್ತದೆ. ಖಾಲಿ ರಸ್ತೆಯಲ್ಲಿ ನಿಧಾನ ವೇಗದಲ್ಲಿ ಆ ಸನ್ನೆಯನ್ನು ಹತ್ತು ಸಲ ಒತ್ತಿ, ಅದು ಎಲ್ಲಿದೆ ಎಂದು ಕೈಗೆ ಗೊತ್ತಾಗಲಿ. ಆಮೇಲೆ ನಿಂತು ಕಾರಣ ಹುಡುಕಬೇಕು. ಮೂತಿ ಹಗುರವೇ? ಟೈರ್ ಗಾಳಿ ಇಳಿದಿದೆಯೇ? ಗಾಳಿ ಬೀಸುತ್ತಿದೆಯೇ? ವಯೋಮಿಂಗ್‌ನಲ್ಲಿ ಲಾರಮಿಯಿಂದ ರಾಲಿನ್ಸ್ ತನಕದ ಐ-80 ರಸ್ತೆ ಗಾಳಿಗೆ ಹೆಸರುವಾಸಿ, ಹಗುರವಾದ ಎತ್ತರದ ಗಾಡಿಗಳನ್ನು ಅಲ್ಲಿ ಆಗಾಗ ತಡೆಯುತ್ತಾರೆ. ಅಂಥ ದಿನ ಹೊರಡದೆ ಇನ್ನೊಂದು ರಾತ್ರಿಯ ಬಾಡಿಗೆ ಕೊಡಿ.

ಘಟ್ಟ ಇಳಿಯುವಾಗ ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬನ್ನಿ. ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ. ಪೆಟ್ರೋಲಿಗೆ ನಿಂತಾಗಲೆಲ್ಲ ಒಬ್ಬರು ಟ್ರೇಲರಿನ ನಾಲ್ಕೂ ಚಕ್ರಗಳ ಹಬ್ ಹತ್ತಿರ ಅಂಗೈಯ ಹಿಂಬದಿ ಹಿಡಿದು ನೋಡಿ. ಮೂರು ಬೆಚ್ಚಗಿದ್ದು ಒಂದು ಮಾತ್ರ ಸುಡುತ್ತಿದ್ದರೆ ಬೇರಿಂಗ್ ಅಥವಾ ಬ್ರೇಕ್ ಹಿಡಿದುಕೊಂಡಿದೆ ಎಂದರ್ಥ. ಮುಂದಿನ ಊರಿನಲ್ಲಿ ತೋರಿಸದೆ ಹೋಗಬೇಡಿ.

7. ತಲುಪಿದ ಮೇಲೆ: ಬಿಚ್ಚುವ ಮುಂಚೆ ಮೂರು ಕೆಲಸ

ಜಾಗ ಸಿಕ್ಕಿದ ಖುಷಿಗೆ ಮೊದಲು ಹಿಚ್ ಬಿಚ್ಚುತ್ತಾರೆ, ತಪ್ಪು ಅಲ್ಲೇ. ಮೊದಲು ಇಎಂಎಸ್ ಒಯ್ದು ಕಂಬದಲ್ಲಿ ಕರೆಂಟ್ ಸರಿಯಿದೆಯೇ ನೋಡಿ. ಬ್ರೇಕರ್ ಆಫ್ ಮಾಡಿ, ಸಿಕ್ಕಿಸಿ, ಆಮೇಲೆ ಆನ್. ಕೆಟ್ಟಿದ್ದರೆ ಇನ್ನೂ ಕಟ್ಟಿಕೊಂಡೇ ಇರುವ ಗಾಡಿಯನ್ನು ಬೇರೆ ಸೈಟಿಗೆ ಒಯ್ಯುವುದು ಸುಲಭ. ಎರಡನೆಯದು, ಟ್ರೇಲರಿನ ಬದಿಯಿಂದ ಹೊರಕ್ಕೆ ಚಾಚುವ ಕೋಣೆಯ ಭಾಗ, ಅಂದರೆ ಸ್ಲೈಡ್ ಹೊರಬಂದರೆ ಕಂಬಕ್ಕೋ ಮರಕ್ಕೋ ತಾಗುತ್ತದೆಯೇ ನೋಡಿ. ಮೂರನೆಯದು ಅಡ್ಡಮಟ್ಟ. ತಗ್ಗಿರುವ ಬದಿಯ ಚಕ್ರಗಳನ್ನು ಹಲಗೆಗಳ ಮೇಲೆ ಹತ್ತಿಸಿ ರಸಮಟ್ಟದ ಗುಳ್ಳೆ ನಡುವೆ ಬರುವಂತೆ ಮಾಡಿ. ಹಿಚ್ ಬಿಚ್ಚಿದ ಮೇಲೆ ಅಡ್ಡಮಟ್ಟ ಸರಿಮಾಡಲು ಆಗುವುದಿಲ್ಲ.

ಇನ್ನು ಚಾಕ್ ಹಾಕಿ, ಆಮೇಲೆಯೇ ಹಿಚ್ ಬಿಚ್ಚಿ. ಮೂತಿಯ ಜ್ಯಾಕಿನಿಂದ ಹಿಂದುಮುಂದಿನ ಮಟ್ಟ ನೋಡಿ. ನಾಲ್ಕು ಮೂಲೆಯ ಸ್ಟೆಬಿಲೈಸರ್ ಕಾಲುಗಳು ಅಲುಗಾಟ ತಡೆಯಲಿಕ್ಕೆ ಮಾತ್ರ. ಅವುಗಳಿಂದ ಟ್ರೇಲರ್ ಎತ್ತಲು ಹೋದರೆ ಚಾಸಿ ಬಾಗುತ್ತದೆ, ಬಾಗಿಲು ಹಾಕಿಕೊಳ್ಳುವುದಿಲ್ಲ. ಗ್ಯಾಸಿನ ಮೇಲೆ ನಡೆಯುವ ಅಬ್ಸಾರ್ಪ್ಷನ್ ಫ್ರಿಜ್ ಇದ್ದರೆ ಮಟ್ಟ ಇನ್ನೂ ಮುಖ್ಯ, ವಾಲಿದ ಗಾಡಿಯಲ್ಲಿ ಅದು ಕೆಡುತ್ತದೆ.

ನೀರಿಗೆ ನಲ್ಲಿಗೇ ಮೊದಲು ರೆಗ್ಯುಲೇಟರ್, ಆಮೇಲೆ ಬಿಳಿ ಪೈಪ್. ಕೆಲವು ಕ್ಯಾಂಪುಗಳ ಒತ್ತಡಕ್ಕೆ ಒಳಗಿನ ಜೋಡಣೆ ಬಿಟ್ಟುಹೋಗುತ್ತದೆ. ವಾಟರ್ ಹೀಟರಿನ ಸ್ವಿಚ್ ಹಾಕುವ ಮೊದಲು ಬಿಸಿನೀರಿನ ನಲ್ಲಿ ತಿರುಗಿಸಿ, ಬುಸ್ಸೆನ್ನುವ ಗಾಳಿಯೆಲ್ಲ ಹೋಗಿ ನೀರು ಒಂದೇ ಸಮ ಬರುವ ತನಕ ಕಾಯಿರಿ. ಖಾಲಿ ಹೀಟರಿಗೆ ಕರೆಂಟ್ ಕೊಟ್ಟರೆ ಎಲಿಮೆಂಟ್ ಒಂದೆರಡು ನಿಮಿಷದಲ್ಲಿ ಸುಡುತ್ತದೆ. ನನಗೆ ಅತಿ ಹೆಚ್ಚು ಫೋನ್ ಬರುವುದು ಇದಕ್ಕೇ.

30 ಆಂಪಿಯರ್ ಜಾಗದಲ್ಲಿ ಒಟ್ಟು 3,600 ವ್ಯಾಟ್ ಸಿಗುತ್ತದೆ. ಎಸಿ ಸುಮಾರು 1,500, ವಾಟರ್ ಹೀಟರ್ 1,400, ಮೈಕ್ರೋವೇವ್ 1,500. ಮೂರೂ ಒಟ್ಟಿಗೆ ನಡೆಯುವುದಿಲ್ಲ. ಚಟ್ನಿ ರುಬ್ಬುವಾಗ ಹೀಟರನ್ನು ಗ್ಯಾಸಿಗೆ ಬದಲಾಯಿಸಿಕೊಳ್ಳಿ.

8. ಕೊಳಚೆ ಟ್ಯಾಂಕ್

ಸಂಕೋಚದಿಂದ ಯಾರೂ ಕೇಳುವುದಿಲ್ಲ, ಹಾಗಾಗಿ ಎಲ್ಲರೂ ಎಡವುತ್ತಾರೆ. ಟ್ರೇಲರಿನಲ್ಲಿ ಕೊಳಚೆಗೆ ಎರಡು ಟ್ಯಾಂಕ್: ಕಕ್ಕಸಿನದು ಬ್ಲ್ಯಾಕ್, ಸಿಂಕು ಮತ್ತು ಸ್ನಾನದ್ದು ಗ್ರೇ.

ಸೈಟಿನಲ್ಲೇ ಸೀವರ್ (ಒಳಚರಂಡಿಯ ಬಾಯಿ) ಇದೆ ಎಂದು ಬ್ಲ್ಯಾಕ್ ಟ್ಯಾಂಕಿನ ವಾಲ್ವ್ ತೆರೆದಿಡುವುದು ದೊಡ್ಡ ತಪ್ಪು. ನೀರೆಲ್ಲ ಹರಿದುಹೋಗಿ ಗಟ್ಟಿ ಮಾತ್ರ ನಿಂತು, ಕಮೋಡಿನ ಕೆಳಗೆ ಗುಡ್ಡೆಯಾಗಿ ಒಣಗುತ್ತದೆ. ಆಮೇಲೆ ಅದನ್ನು ಕರಗಿಸಲು ದಿನಗಟ್ಟಲೆ ಬೇಕು. ವಾಲ್ವ್ ಮುಚ್ಚಿಯೇ ಇರಲಿ. ಮೂರರಲ್ಲಿ ಎರಡು ಭಾಗವಾದರೂ ತುಂಬಿದ ಮೇಲೆ ಖಾಲಿ ಮಾಡಿ. ನೀರಿನ ರಭಸವಿದ್ದರೆ ಮಾತ್ರ ಎಲ್ಲವೂ ಕೊಚ್ಚಿಹೋಗುತ್ತದೆ.

ಖಾಲಿ ಮಾಡುವ ಹಿಂದಿನ ದಿನ ಗ್ರೇ ವಾಲ್ವನ್ನೂ ಮುಚ್ಚಿ. ಗ್ಲೌಸ್ ಹಾಕಿ, ಪೈಪಿನ ತುದಿಯನ್ನು ಸೀವರಿಗೆ ತಿರುಪಿ ಬಿಗಿ ಮಾಡಿ, ಆಮೇಲೆ ಟ್ರೇಲರಿನ ತುದಿ. ಮೊದಲು ಬ್ಲ್ಯಾಕ್ ತೆರೆಯಿರಿ. ಪೈಪಿನಲ್ಲಿ ಹರಿಯುವ ಸದ್ದು ಪೂರ್ತಿ ನಿಂತ ಮೇಲೆ ಮುಚ್ಚಿ, ಗ್ರೇ ತೆರೆಯಿರಿ. ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಕೊನೆಗೆ ಬ್ಲ್ಯಾಕ್ ಟ್ಯಾಂಕಿಗೆ ನಾಲ್ಕೈದು ಗ್ಯಾಲನ್ ಹೊಸ ನೀರೂ ಟ್ಯಾಂಕಿನ ಔಷಧಿಯೂ ಹಾಕಿ. ಒಣ ಟ್ಯಾಂಕಿನಲ್ಲಿ ಮತ್ತೆ ಗುಡ್ಡೆ ಕಟ್ಟುತ್ತದೆ.

ನಮ್ಮವರೆಲ್ಲ ನೀರು ಬಳಸುವವರು, ಅದು ಟ್ಯಾಂಕಿಗೆ ಒಳ್ಳೆಯದೇ. ಆದರೆ ಸೀವರ್ ಇಲ್ಲದ ಮರುಭೂಮಿಯ ಸೈಟಿನಲ್ಲಿ 30 ಗ್ಯಾಲನ್ ಟ್ಯಾಂಕ್ ಪೇಪರ್ ಬಳಸುವವರಿಗಿಂತ ಬಹಳ ಬೇಗ ತುಂಬುತ್ತದೆ. ಅಲ್ಲಿ ಸ್ಪ್ರೇ ಬಿಟ್ಟು ಒಂದು ಚೊಂಬಿನ ಅಳತೆಗೆ ಬನ್ನಿ. ಗೋಡೆಯ ಹತ್ತಿರದ ಸ್ಪ್ರೇ ವಾಲ್ವನ್ನು ಹೊರಗೆ ಹೋಗುವಾಗಲೆಲ್ಲ ಮುಚ್ಚಿ, ಪೈಪ್ ಬಿಟ್ಟರೆ ನೆಲವೆಲ್ಲ ನೀರಾಗುತ್ತದೆ. ಟ್ಯಾಂಕ್ ಎಷ್ಟು ತುಂಬಿದೆ ಎಂದು ತೋರಿಸುವ ದೀಪಗಳನ್ನು ಪೂರ್ತಿ ನಂಬಬೇಡಿ, ಸೆನ್ಸರಿಗೆ ಪೇಪರ್ ಅಂಟಿದರೆ ಅದು ಯಾವಾಗಲೂ ತುಂಬಿದೆ ಎನ್ನುತ್ತದೆ. ಫ್ಲಶ್ ಮಾಡಿದಾಗ ಕಮೋಡಿನಿಂದ ಗುಳುಗುಳು ಸದ್ದು ಬಂದರೆ ಟ್ಯಾಂಕ್ ನಿಜವಾಗಿ ತುಂಬಿದೆ.

9. ನಮ್ಮ ಅಡುಗೆ, ಚಿಕ್ಕ ಅಡುಗೆಮನೆ

ಒಗ್ಗರಣೆಗೆ ಎಣ್ಣೆ ಇಡುವ ಮೊದಲು ಛಾವಣಿಯ ಫ್ಯಾನ್ ಹಾಕಿ, ಎದುರಿನ ಕಿಟಕಿ ತೆರೆಯಿರಿ. ಮೆಣಸಿನಕಾಯಿ ಘಾಟಿಗೆ ಅಲಾರಂ ಕೂಗುತ್ತದೆಂದು ಬ್ಯಾಟರಿ ತೆಗೆದಿಟ್ಟವರನ್ನು ಬಲ್ಲೆ. ದಯವಿಟ್ಟು ಹಾಗೆ ಮಾಡಬೇಡಿ. ಅದೇ ಇಪ್ಪತ್ತಾರು ಅಡಿಯೊಳಗೆ ಗ್ಯಾಸೂ ಇದೆ, ನೀವೂ ಮಲಗುತ್ತೀರಿ. ಕರಿಯುವುದು, ಒಗ್ಗರಣೆ ಎಲ್ಲಕ್ಕೂ ಹೊರಗಿನ ಮೇಜಿನ ಮೇಲೆ ಒಂದು ಚಿಕ್ಕ ಗ್ಯಾಸ್ ಒಲೆ ಇಟ್ಟುಕೊಂಡರೆ ಹಾಸಿಗೆಗೆ ಇಂಗಿನ ವಾಸನೆ ಹತ್ತುವುದಿಲ್ಲ.

ಸಿಂಕಿಗೆ ಜಾಲರಿ ಹಾಕಿ. ಹುಳಿಯ ಬೇಳೆ, ಕರಿಬೇವು, ತುಪ್ಪದ ಜಿಡ್ಡು ಗ್ರೇ ಟ್ಯಾಂಕಿನಲ್ಲಿ ಕೂತು ಕೊಳೆತರೆ ಬ್ಲ್ಯಾಕ್ ಟ್ಯಾಂಕಿಗಿಂತ ಕೆಟ್ಟ ವಾಸನೆ. ಬಾಣಲೆಯನ್ನು ಮೊದಲು ಪೇಪರಿನಲ್ಲಿ ಒರೆಸಿ ಕಸಕ್ಕೆ ಹಾಕಿ, ಆಮೇಲೆ ತೊಳೆಯಿರಿ. ಪಾತ್ರೆ ತೊಳೆದ ನೀರನ್ನು ಕ್ಯಾಂಪಿನ ನೆಲಕ್ಕೆ ಚೆಲ್ಲುವುದು ಬಹುತೇಕ ಕಡೆ ನಿಯಮಕ್ಕೆ ವಿರುದ್ಧ. ಕರಡಿ ಓಡಾಡುವ ಜಾಗದಲ್ಲಿ ಅಪಾಯವೂ ಹೌದು.

ಮೊಸರಿಗೆ ಹೆಪ್ಪು ಹಾಕುವುದು ನಿಂತ ರಾತ್ರಿಗಳಲ್ಲಿ ಮಾತ್ರ. ಅಲುಗಾಡುವ ಗಾಡಿಯಲ್ಲಿ ಅದು ಹೆಪ್ಪಾಗದೆ ನೀರೊಡೆಯುತ್ತದೆ. ಹೊರಡುವ ಬೆಳಿಗ್ಗೆ ಪಾತ್ರೆಯನ್ನು ಫ್ರಿಜ್ಜಿನ ಕೆಳಗಿನ ಅರೆಯಲ್ಲಿ, ಸುತ್ತ ಟವೆಲ್ ತುರುಕಿ ಇಡುತ್ತೇನೆ. ಫ್ರಿಜ್ ಬಾಗಿಲಿಗೆ ಹೊರಗಿನಿಂದ ಒಂದು ಬೆಲ್ಟ್.

10. ನಿರ್ಲಕ್ಷಿಸಬಾರದ ಸೂಚನೆಗಳು

ಕೊಳೆತ ಮೊಟ್ಟೆಯಂಥ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬಂದು ಸಿಲಿಂಡರ್ ವಾಲ್ವ್ ಮುಚ್ಚಿ. ಚಳಿಗೆ ಒಲೆ ಹಚ್ಚಿಟ್ಟು ಮಲಗುವುದಂತೂ ಬೇಡವೇ ಬೇಡ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ. ಅದರ ಅಲಾರಮ್ಮಿಗೂ ಆಯಸ್ಸು ಇದೆ, ಹಿಂಬದಿಯಲ್ಲಿ ಬರೆದ ತಾರೀಖು ನೋಡಿ ಬದಲಾಯಿಸಿ.

ಗೋಡೆಯ ಮೂಲೆಯಲ್ಲಿ ಕಲೆ, ಕಾಲಿಟ್ಟರೆ ಮೆತ್ತಗೆ ಕುಸಿಯುವ ನೆಲ ಎಂದರೆ ಛಾವಣಿ ಸೋರುತ್ತಿದೆ. ಮೂರು ತಿಂಗಳಿಗೊಮ್ಮೆ ಛಾವಣಿಯ ಕಿಂಡಿ, ಆಂಟೆನಾ ಸುತ್ತಲಿನ ಸೀಲಂಟ್ ಬಿರಿದಿದೆಯೇ ನೋಡಿಸಿ. 60 ದಾಟಿದವರು ಏಣಿ ಹತ್ತುವುದಕ್ಕಿಂತ ದುಡ್ಡು ಕೊಟ್ಟು ನೋಡಿಸುವುದು ಮೇಲು. ಕೂತಿದ್ದಾಗ ಗಾಳಿ ಎದ್ದರೆ ಆನಿಂಗ್ ಮಡಚಿ, ಹೊರಗೆ ಹೋಗುವಾಗ ಗಾಳಿ ಇಲ್ಲದಿದ್ದರೂ ಮಡಚಿ.

11. ಹಿಮ ಬೀಳುವ ಮುನ್ನ, ಮನೆಗೆ ಮರಳಿದಾಗ

ರಾತ್ರಿ 32 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿಯುವ ಸೂಚನೆಯಿದ್ದರೆ ಸಂಜೆಯೇ ನೀರಿನ ಪೈಪ್ ಬಿಚ್ಚಿ, ಒಳಗಿನ ಟ್ಯಾಂಕಿನ ನೀರನ್ನು ಪಂಪಿನಿಂದ ಬಳಸಿ. ಚಳಿಗಾಲ ಪೂರ್ತಿ ತಿರುಗುವವರು ದಕ್ಷಿಣಕ್ಕೆ ಇಳಿಯುವುದು ವಾಸಿ. ಅರಿಜೋನಾದ ಕ್ವಾರ್ಟ್‌ಸೈಟ್ ಸುತ್ತ ಸರ್ಕಾರದ ಭೂ ನಿರ್ವಹಣಾ ಇಲಾಖೆಯಾದ ಬಿಎಲ್‌ಎಂ ಜಮೀನಿನಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ದೀರ್ಘಕಾಲ ತಂಗಲು ಬಿಡುವ ಜಾಗಗಳಿವೆ.

ಮನೆಯಲ್ಲಿ ನಿಲ್ಲಿಸುವುದಾದರೆ ಕ್ರಮ ಹೀಗೆ. ಹೀಟರ್ ಆಫ್ ಮಾಡಿ ಪೂರ್ತಿ ತಣ್ಣಗಾಗಲು ಬಿಡಿ, ಬಿಸಿನೀರಿನ ನಲ್ಲಿ ತೆರೆದು ಒತ್ತಡ ಇಳಿಸಿ, ಆಮೇಲೆಯೇ ಅದರ ಪ್ಲಗ್ ಬಿಚ್ಚಿ. ಬಿಸಿ ಇರುವಾಗ ಬಿಚ್ಚಿದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಎಲ್ಲ ಟ್ಯಾಂಕ್ ಖಾಲಿ ಮಾಡಿ. ಹೀಟರನ್ನು ಬೈಪಾಸ್‌ಗೆ ತಿರುಗಿಸಿ, ಇಲ್ಲದಿದ್ದರೆ ಗ್ಯಾಲನ್‌ಗಟ್ಟಲೆ ಆಂಟಿಫ್ರೀಜ್ (ಕೊಳವೆಯ ನೀರು ಹೆಪ್ಪುಗಟ್ಟದಂತೆ ತಡೆಯುವ ದ್ರವ) ಅದರೊಳಗೇ ಹೋಗುತ್ತದೆ. ಟ್ರೇಲರಿಗೆಂದೇ ಸಿಗುವ ಗುಲಾಬಿ ಬಣ್ಣದ್ದನ್ನು ಮಾತ್ರ ಬಳಸಿ, ಕಾರಿನದು ವಿಷ. ಪಂಪ್ ಹಾಕಿ ಒಂದೊಂದೇ ನಲ್ಲಿ ತೆರೆದು ಗುಲಾಬಿ ಬರುವ ತನಕ ಬಿಡಿ: ಅಡುಗೆಮನೆಯ ತಣ್ಣೀರು, ಬಿಸಿನೀರು, ಬಚ್ಚಲಿನ ಎರಡು, ಶವರಿನ ಎರಡು, ಕಮೋಡಿನ ಫ್ಲಶ್, ಕಕ್ಕಸಿನ ಸ್ಪ್ರೇ. ಪ್ರತಿ ಸಿಂಕಿನ ಕೊಳವೆಗೂ ಒಂದು ಲೋಟ ಸುರಿಯಿರಿ.

ಒಬ್ಬರು ಒಳಗೆ ನಲ್ಲಿ ತೆರೆಯುತ್ತಿರುವಾಗ ಇನ್ನೊಬ್ಬರು ಹೊರಗೆ ಬಂದು, ಡ್ರೈವರ್ ಬದಿಯ ಚಿಕ್ಕ ಮುಚ್ಚಳ ತೆರೆದು ನೋಡಿ. ಅಲ್ಲಿ ಕಾಲು ತೊಳೆಯಲಿಕ್ಕೆಂದು ಇನ್ನೊಂದು ಶವರ್ ಇರುತ್ತದೆ. ಅದಕ್ಕೂ ಬಿಸಿ, ತಣ್ಣೀರು ಎರಡು ನಲ್ಲಿ. ವಸಂತದಲ್ಲಿ ಗೋಡೆಯೊಳಗೆ ನೀರು ಸೋರುತ್ತಿದೆ ಎಂದು ಫೋನ್ ಮಾಡಿದವರ ಗಾಡಿಗಳಲ್ಲಿ ಬಹುಮಟ್ಟಿಗೆ ಒಡೆದಿದ್ದದ್ದು ಅದೇ.